ಕಿಟಕಿಯ ಬಲೆ ಇಳಿದ ಮಧ್ಯಾಹ್ನ

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಲೋಹದ ತುಂಡುಗಳನ್ನು ಜಗ್ಗಿ, ಬಗ್ಗಿಸಿ, ಅವು ಎಲ್ಲಿ ಮುರಿಯುತ್ತವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಮುರಿದದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ. ಇವತ್ತಿಗೂ ಹಾಗೆಯೇ ನಂಬಿದ್ದೇನೆ, ಒಂದು ಸಂಗತಿಯನ್ನು ಬಿಟ್ಟು. ಅದನ್ನು ನಡೆದಂತೆ ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನೂ ನನ್ನ ಹೆಂಡತಿ ಸುಮಾಳೂ ಮೈಸೂರಿನಿಂದ ಬಂದು ಕ್ವಾರ್ಟರ್ಸಿನಲ್ಲಿದ್ದೆವು. ಟಿವಿಯಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸು ತೋರಿಸುತ್ತಿದ್ದರು. ನೋಡಲು ಬೀದಿಯಲ್ಲಿ ಓಡಾಡುವ ಕಾರಿನಂತೆಯೇ ಇರುವ ಗಾಡಿಗಳು, ಆದರೆ ವೇಗ ವಿಮಾನದ್ದು, ಒಂದೇ ದುಂಡು ಹಾದಿಯಲ್ಲಿ ನೂರಾರು ಸುತ್ತು. ನನಗೆ ಅದರ ಹುಚ್ಚು ಹಿಡಿಯಿತು. ಗಾಣ ಸುತ್ತುವುದನ್ನು ನೋಡಲು ಇಷ್ಟು ಕರೆಂಟು ಸುಡಬೇಕೇ ಎಂದು ಸುಮಾ ಕಾಲೆಳೆಯುತ್ತಿದ್ದಳು. ಒಂದೆರಡು ತಿಂಗಳಲ್ಲಿ ಅವಳೇ ನನಗಿಂತ ಮೊದಲು ಟಿವಿಯ ಮುಂದೆ ಕೂರತೊಡಗಿದಳು.

ಆ ಕಾರುಗಳಲ್ಲಿ ಚಾಲಕನ ಪಕ್ಕದ ಕಿಟಕಿಗೆ ಗಾಜಿರುವುದಿಲ್ಲ, ಒಂದು ಬಲೆ ಇರುತ್ತದೆ. ಡಿಕ್ಕಿಯಾದ ಮೇಲೆ ಚಾಲಕ ಒಳಗಿನಿಂದ ಆ ಬಲೆಯನ್ನು ಇಳಿಸಿದರೆ, ನಾನು ಚೆನ್ನಾಗಿದ್ದೇನೆ ಎಂದು ಲೆಕ್ಕ. ಕಾರು ನಾಲ್ಕು ಪಲ್ಟಿ ಹೊಡೆದರೂ ಸ್ವಲ್ಪ ಹೊತ್ತಿಗೆ ಬಲೆ ಇಳಿಯುತ್ತಿತ್ತು. ಅದು ಇಳಿಯುವ ತನಕ ಸುಮಾ ಬಾಯಿಗೆ ತುತ್ತು ಇಡುತ್ತಿರಲಿಲ್ಲ.

ಒಂದು ರೇಸಿನಲ್ಲಿ ನಾವಿಬ್ಬರೂ ಮೆಚ್ಚಿದ್ದ ಚಾಲಕನೊಬ್ಬ ಗೋಡೆಗೆ ಗುದ್ದಿದ. ಕಣ್ಣಿಗೆ ಅದು ಏನೂ ಅಲ್ಲ, ಪಲ್ಟಿಯಿಲ್ಲ, ಬೆಂಕಿಯಿಲ್ಲ. ಈಗ ಇಳಿಸುತ್ತಾನೆ ನೋಡು ಎಂದೆ. ಬಲೆ ಇಳಿಯಲೇ ಇಲ್ಲ. ಕಾರು ಗಕ್ಕನೆ ನಿಂತಿತ್ತು, ತಲೆ ಮಾತ್ರ ಮುಂದಕ್ಕೆ ಹೋಗಿ ಬುರುಡೆಯ ಬುಡವೇ ಮುರಿದಿತ್ತಂತೆ. ಆ ದಿನಗಳಲ್ಲಿ ಹೀಗೆ ಒಬ್ಬರ ಹಿಂದೊಬ್ಬರು ಹೋದರು. ಸುಮಾ ಆಗ ಬಸುರಿ. ಯಾವನೋ ಪರದೇಶಿಗಾಗಿ ಕೂತು ಅತ್ತಳು, ನಾನೂ ಅವಳನ್ನು ನಗಿಸಲು ಹೋಗಲಿಲ್ಲ.

ಅದಾಗಿ ಕೆಲವು ವಾರಕ್ಕೆ ಕೊಚ್ಚಿಗೆ ಹೊರಟೆವು. ಅಲ್ಲಿನ ಕಲೂರಿನಲ್ಲಿದ್ದ ಸುಮಾಳ ಅಕ್ಕ ಸೀಮಂತ ಇಟ್ಟುಕೊಂಡಿದ್ದರು. ಸುಮಾ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಅವಳ ಮುಖಕ್ಕೆ ಬಿಸಿಲು ಬೀಳದಿರಲೆಂದು ಕಿಟಕಿಯ ಗಾಜಿಗೆ ಕಪ್ಪು ಜಾಲರಿಯ ಪರದೆ ಅಂಟಿಸಿದ್ದೆ, ಎರಡು ರಬ್ಬರ್ ಬಟ್ಟಲುಗಳಲ್ಲಿ ಗಾಜನ್ನು ಕಚ್ಚಿ ಹಿಡಿಯುವಂಥದ್ದು. ಚೇರ್ತಲ ದಾಟಿದ ಮೇಲೆ ಮುಂದಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತಿತು. ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಗುದ್ದಿದೆ. ಪಲ್ಟಿಯಿಲ್ಲ, ಬೆಂಕಿಯಿಲ್ಲ.

ಯಾರೋ ನನ್ನನ್ನು ಹೊರಗೆಳೆದು ರಸ್ತೆಯ ಅಂಚಿನಲ್ಲಿ ಕೂರಿಸಿದರು. ಹಣೆಯಿಂದ ರಕ್ತ ಸುರಿಯುತ್ತಿತ್ತು. ಹಿಂದಿನ ಬಾಗಿಲು ಜಾಮಾಗಿತ್ತು. ಲಾರಿಯ ಚಾಲಕ ಮುಂದಿನಿಂದ ಒಳಗೆ ಬಾಗಿ ಸುಮಾಳನ್ನು ಕರೆದು, ಮುಟ್ಟಿ ನೋಡಿ, ಹೊರಗೆ ಬಂದು ನನ್ನ ತೋಳು ಹಿಡಿದ.

“ವಾ ಚೇಟ್ಟಾ. ಚೇಚ್ಚಿ ಪೋಯಿ.”

ಬಾ ಅಣ್ಣ, ಅಕ್ಕ ಹೋದರು. ಅಷ್ಟು ಅರ್ಥವಾಗಲು ನನಗೆ ಮಲಯಾಳ ಬರಬೇಕಾಗಿರಲಿಲ್ಲ. ಮೊದಲು ನನ್ನನ್ನು ಆಸ್ಪತ್ರೆಗೆ ಸಾಗಿಸುವುದು, ಬಾಗಿಲು ಕೊಯ್ಯುವವರು ಆಮೇಲೆ ಬರಲಿ ಎಂದು ಅವರಲ್ಲೇ ಮಾತಾಯಿತು. ಎಲ್ಲರೂ ಒಳ್ಳೆಯವರೇ. ನಾನೂ ಯಾರೋ ತಂದು ನಿಲ್ಲಿಸಿದ್ದ ಜೀಪಿನ ಕಡೆಗೆ ಎರಡು ಹೆಜ್ಜೆ ಹಾಕಿ ತಿರುಗಿ ನೋಡಿದೆ.

ಕಿಟಕಿಯ ಜಾಲರಿ ಇಳಿಯುತ್ತಿತ್ತು. ಬೀಳುತ್ತಿರಲಿಲ್ಲ, ಇಳಿಯುತ್ತಿತ್ತು. ಮೊದಲು ಒಂದು ಮೂಲೆ, ತುಸು ತಡೆದು ಇನ್ನೊಂದು, ಆಮೇಲೆ ಇಡೀ ಪರದೆ ನಿಧಾನವಾಗಿ ಗಾಜಿನ ಕೆಳಗೆ ಹೋಯಿತು. ಟಿವಿಯಲ್ಲಿ ನಾವು ಎಷ್ಟೋ ಸಲ ಕಂಡ ಹಾಗೆಯೇ.

ಬದುಕಿದ್ದಾಳೆ ಎಂದು ಕನ್ನಡದಲ್ಲೇ ಕೂಗಿಕೊಂಡೆ. ಯಾರಿಗೂ ನಂಬಿಕೆಯಿರಲಿಲ್ಲ, ಆದರೂ ಲಾರಿಯಿಂದ ಹಾರೆ ತಂದು ಬಾಗಿಲು ಕಿತ್ತರು. ಸುಮಾ ಸೀಟಿನಿಂದ ಉರುಳಿ ಕೆಳಗೆ ಸಿಕ್ಕಿಕೊಂಡಿದ್ದಳು, ಎಚ್ಚರವಿರಲಿಲ್ಲ, ಉಸಿರು ಎಳೆಯಷ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಕೊಚ್ಚಿಯ ಡಾಕ್ಟರು ಹೇಳಿದರು. ಮಗು ಹುಟ್ಟಿತು, ಅಂಗೈಯಷ್ಟು ಹೆಣ್ಣುಮಗು. ಇಬ್ಬರೂ ಉಳಿದರು.

ಆದರೆ ನಾನು ಕಣ್ಣಾರೆ ನೋಡಿದ ಇನ್ನೊಂದು ವಿಷಯವಿದೆ. ಬಾಗಿಲು ಕಿತ್ತಾಗ ಸುಮಾಳ ಎರಡು ಕೈಗಳೂ ಮುಂದಿನ ಸೀಟಿನ ಅಡಿಯಲ್ಲಿದ್ದವು. ಇಬ್ಬರು ಗಂಡಸರು ಸೀಟು ಎತ್ತಿ ಹಿಡಿದ ಮೇಲೆಯೇ ಅವು ಹೊರಬಂದದ್ದು.

ಆ ಜಾಲರಿಯನ್ನು ಮನೆಗೆ ತಂದು ಅಡುಗೆಮನೆಯ ಗಾಜಿಗೆ ಅಂಟಿಸಿದೆ. ಗುದ್ದಿದೆ, ಬಿಸಿ ಮಾಡಿದೆ, ಒದ್ದೆ ಮಾಡಿದೆ. ಬಿದ್ದರೆ ಪಟ್ಟನೆ ಬೀಳುತ್ತಿತ್ತು, ಇಲ್ಲವೇ ಒಂದು ಬಟ್ಟಲಿಗೆ ಜೋತಾಡುತ್ತಿತ್ತು. ಹಾಗೆ ಮಾತ್ರ ಒಂದು ಸಲವೂ ಇಳಿಯಲಿಲ್ಲ. ಮಗುವಿಗೆ ಹಾಲು ಕುಡಿಸುತ್ತ ನನ್ನ ಅವತಾರ ನೋಡುತ್ತಿದ್ದ ಸುಮಾಳನ್ನು ಕೊನೆಗೊಮ್ಮೆ ಕೇಳಿಯೇಬಿಟ್ಟೆ, ಏನಾದರೂ ನೆನಪಿದೆಯಾ ಎಂದು.

“ನಂಗೇನೂ ನೆನಪಿಲ್ಲ ರೀ,” ಎಂದಳು. ಆಮೇಲೆ ಮಗುವಿನ ಮುಷ್ಟಿಯನ್ನು ಬಿಡಿಸುತ್ತ, “ಕಾರಲ್ಲಿ ಇನ್ನೊಬ್ಬರೂ ಇದ್ರಲ್ಲ,” ಎಂದಳು.

ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ನಾನು ಕೇಳಲಿಲ್ಲ. ಆ ರೇಸುಗಳಲ್ಲಿ ಮುಂದೆ ಚಾಲಕರ ತಲೆ ಹಿಡಿದಿಡುವ ಪಟ್ಟಿ ಕಡ್ಡಾಯವಾಯಿತು, ಗೋಡೆಗಳಿಗೆ ಮೆತ್ತೆ ಬಂತು, ಸಾವು ಅಪರೂಪವಾಯಿತು. ಅಲ್ಲಿ ಮುರಿದದ್ದಕ್ಕೆ ಕಾರಣ ಹುಡುಕಿದರು, ಸಿಕ್ಕಿತು. ನನ್ನದು ಸಿಕ್ಕಿಲ್ಲ.

ಮಗಳು ಈಗ ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾಳೆ, ತಾನೇ ಕಾರು ಓಡಿಸಿಕೊಂಡು ಮನೆಗೆ ಬಂದು ಹೋಗುತ್ತಾಳೆ. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಮಲಯಾಳದಲ್ಲಿ. ಅಲ್ಲಿ ತಲುಪಿದ ಕೂಡಲೇ ಫೋನು ಮಾಡಿ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಾಳೆ.

“ಅಪ್ಪಾ, ಬಲೆ ಇಳಿಸಿದೆ.”

ಆಮೇಲೆ ನಾನೂ ಸುಮಾಳೂ ಊಟಕ್ಕೆ ಕೂರುತ್ತೇವೆ.