ಸ್ವಿಚ್ಚಿನ ಪೆಟ್ಟಿಗೆಯನ್ನು ಅವ್ವನಿಗೆ ತೋರಿಸಿದ ದಿನ

ಶಹಾಪುರದ ಕಾಲುವೆ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಮೊದಲ ನೌಕರಿ. ಕಾಲುವೆಯ ಗೇಟುಗಳಲ್ಲಿ ನೀರು ಎಷ್ಟಿದೆ ಎಂಬ ಲೆಕ್ಕ ತಂತಿಯ ಮೂಲಕ ನಮ್ಮ ಪರದೆಗೆ ಬರುತ್ತಿತ್ತು. ಆ ತಂತಿಯೂ ಕಚೇರಿಯ ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳೂ ಬಂದು ಕೂಡುವ ಚಪ್ಪಟೆ ಪೆಟ್ಟಿಗೆಯೇ ಸ್ವಿಚ್. ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕಾಲುವೆಗೆ ನೀರು ಬಿಟ್ಟಿದ್ದ ಒಂದು ಬೆಳಿಗ್ಗೆ ಪರದೆಯ ಅಂಕಿಗಳು ನಿಂತುಬಿಟ್ಟವು. ಒಂದು ಕಂಪ್ಯೂಟರೂ ಇನ್ನೊಂದಕ್ಕೆ ಸಿಗಲಿಲ್ಲ. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೇ ಮಿಣುಕುತ್ತಿದ್ದವು. ನೀರು ಯಾವಾಗ ಮುಟ್ಟುತ್ತದೆಂದು ಕೇಳಲು ಕಾಲುವೆಯ ತುದಿಯ ಊರುಗಳಿಂದ ಬಂದ ರೈತರು ಹೊರಗೆ ಕೂತಿದ್ದರು.

"ಕಲಬುರಗಿಯಿಂದ ಕಂಪನಿಯವರನ್ನ ಕರಸೋಣೇನು? ನಾಳಿಗಿ ಬರ್ತಾರ," ಎಂದರು ನಮ್ಮ ಸಾಹೇಬರು.

"ಬ್ಯಾಡ್ರಿ ಸಾಹೇಬ್ರ. ನಾ ನೋಡ್ತೀನ್ರಿ."

"ನಿನ್ನ ಕೈಲೆ ಆಗ್ತದೇನವ್ವಾ?"

"ಆಗ್ತದರಿ," ಎಂದೆ. ನನ್ನ ಧೈರ್ಯಕ್ಕಿಂತ ದನಿಯೇ ದೊಡ್ಡದಾಗಿತ್ತು.

ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸಿ ಒಳಹೊಕ್ಕೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇನ್ನೂ ಇತ್ತು. ಒಂದೇ ಕಂಪ್ಯೂಟರಿನ ವಿಳಾಸ ಒಮ್ಮೆ ಈ ಪೋರ್ಟಿನಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ, ಮರುಕ್ಷಣ ಇನ್ನೊಂದು ಪೋರ್ಟಿನಲ್ಲಿ ಕಾಣುತ್ತಿತ್ತು. ಸಂದೇಶಗಳು ಹೊರಹೋಗದೆ ಅಲ್ಲೇ ಸುತ್ತುತ್ತಿದ್ದವು. ಆ ಎರಡು ಪೋರ್ಟುಗಳ ಕೇಬಲ್ ಹಿಡಿದು ಹೊರಟೆ. ಅವು ಹೊಸ ಸಭಾಕೋಣೆಯ ಗೋಡೆಗೆ ಹೋಗಿದ್ದವು. ಅಲ್ಲಿ ಮೇಜಿನ ಕೆಳಗೆ ಬಿದ್ದಿದ್ದ ಕೇಬಲ್ಲಿನ ಎರಡೂ ತುದಿಗಳನ್ನು ಯಾರೋ ಅಚ್ಚುಕಟ್ಟಾಗಿ ಗೋಡೆಯ ಎರಡು ನೆಟ್‌ವರ್ಕ್ ಸಾಕೆಟ್ಟುಗಳಿಗೇ ಸಿಕ್ಕಿಸಿದ್ದರು. ಸ್ವಿಚ್ಚಿನಿಂದ ಹೊರಟದ್ದು ಸುತ್ತು ಹಾಕಿ ಸ್ವಿಚ್ಚಿಗೇ ಮರಳುತ್ತಿತ್ತು. ಕಿತ್ತೆ. ಒಳಗಿನಿಂದ ಸಾಹೇಬರ ಕೂಗು ಕೇಳಿತು: "ಬಂತು, ಬಂತು!"

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ನಾಳೆ ಇನ್ನೊಬ್ಬರು ಹೀಗೇ ಸಿಕ್ಕಿಸಿದರೆ? ಊಟ ಬಿಟ್ಟು ಕೂತೆ. ಪಾಸ್‌ವರ್ಡ್ ಬದಲಿಸಿದೆ. ಇಂಥ ಸುತ್ತು ಬಿದ್ದರೆ ಆ ಪೋರ್ಟನ್ನು ಸ್ವಿಚ್ ತಾನೇ ಮುಚ್ಚುವಂತೆ ಮಾಡಿದೆ. ಕಚೇರಿಯ ಕಂಪ್ಯೂಟರುಗಳ ತೊಂದರೆ ತಟ್ಟದಂತೆ ಗೇಟುಗಳ ಲೆಕ್ಕವನ್ನು ಬೇರೆ ಗುಂಪಿಗೆ ಹಾಕಿದೆ. ಕೊನೆಗೆ ಎಲ್ಲವನ್ನೂ ಸೇವ್ ಮಾಡಿದೆ. ಅದನ್ನು ಮರೆತರೆ ಕರೆಂಟು ಹೋದೊಡನೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಆಮೇಲೆ ಸಾಹೇಬರನ್ನು ಕರೆದು, "ಈಗ ನೋಡ್ರಿ," ಎಂದು ಅದೇ ಕೇಬಲನ್ನು ಬೇಕೆಂದೇ ಮತ್ತೆ ಸಿಕ್ಕಿಸಿದೆ. ಒಂದು ಪೋರ್ಟಿನ ದೀಪ ಮಾತ್ರ ಆರಿತು. ಗೇಟುಗಳ ಅಂಕಿ ನಿಲ್ಲಲಿಲ್ಲ.

"ಕರೆಂಟ್ ಹೋದ್ರ?"

ಸ್ವಿಚ್ಚಿನ ಪ್ಲಗ್ಗನ್ನೇ ಕಿತ್ತು ಮತ್ತೆ ಹಾಕಿದೆ. ಅದು ಏಳುವವರೆಗೆ ದೀಪಗಳನ್ನೇ ನೋಡುತ್ತಾ ನಿಂತೆ. ಎದ್ದಾಗ ಎಲ್ಲವೂ ನಾನಿಟ್ಟಂತೆಯೇ ಇತ್ತು.

ಸಾಹೇಬರು ನನ್ನನ್ನೂ ಕರೆದುಕೊಂಡು ಹೊರಗೆ ಬಂದು, ನೀರು ಯಾವ ಗೇಟು ದಾಟಿದೆ, ತುದಿಗೆ ಯಾವಾಗ ಮುಟ್ಟುತ್ತದೆ ಎಂದು ರೈತರಿಗೆ ತಿಳಿಸಿದರು. ಆ ಗುಂಪಿನಲ್ಲಿ ನನ್ನ ಅವ್ವ ಕೂತಿದ್ದಳು! ನಮ್ಮ ಮೆಣಸಿನಕಾಯಿ ಹೊಲದ ನೀರು ಕೇಳಲು ಹುಣಸಗಿಯಿಂದ ಬಸ್ಸು ಹತ್ತಿ ಬಂದಿದ್ದಳು.

"ಯವ್ವಾ, ನೀ ಯಾವಾಗ ಬಂದಿ?"

ಸಾಹೇಬರು ನಮ್ಮಿಬ್ಬರನ್ನೂ ನೋಡಿದರು. "ಈಕಿ ನಿಮ್ಮ ಮಗಳೇನ್ರಿ? ಆಕಿ ಇರಲಿಲ್ಲಂದ್ರ ಇವತ್ತ ನಿಮಗ ಏನೂ ಹೇಳಾಕ ಆಗ್ತಿರಲಿಲ್ಲ ನೋಡ್ರಿ."

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ಹೌದ್ರಿ, ನನ್ನ ಮಗಳ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಒಳಗೆ ಕರೆದೊಯ್ದು ಪೆಟ್ಟಿಗೆ ತೋರಿಸಿದೆ. ಮಿಣುಕುವ ದೀಪಗಳನ್ನು ಬಾಗಿ ನೋಡುತ್ತಾ, "ನೀ ಹೇಳಿದಂಗ ಕೇಳ್ತದೇನು ಇದು?" ಎಂದಳು.

"ಕೇಳ್ತದ ಯವ್ವಾ."

ಅವಳು ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು.

ಮುಂದೆ ಸುರಪುರ, ಯಾದಗಿರಿಯ ಕಚೇರಿಗಳ ಸ್ವಿಚ್ಚುಗಳನ್ನೂ ನನಗೇ ಒಪ್ಪಿಸಿದರು. ಸುರಪುರದಲ್ಲಿ ಜೀಪಿನಿಂದ ಇಳಿಯುವಾಗ ಒಳಗೆ ಯಾರೋ, "ಸ್ವಿಚ್ ಮೇಡಮ್ಮಾರು ಬಂದ್ರು, ಕುರ್ಚಿ ಹಾಕ್ರಿ," ಎಂದರು. ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲು ಹತ್ತಿದೆ.