ಕೆಳರೆಪ್ಪೆಯ ಬಣ್ಣ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯೆ ಸೀಳಿತ್ತು. ಯಾವುದೋ ಟಗರು ಕಂಬಕ್ಕೆ ಒತ್ತಿ ಜಜ್ಜಿತ್ತಂತೆ. ಬಲಗೈ ಎಂದು ಬರೆದೆ. ಎಡಗೈ ಇದ್ದರೂ ಇರಬಹುದು. ಸೀಳು ಮಾತ್ರ ನಿಜ. ಆ ಹೆಬ್ಬೆರಳಿನಿಂದ ಕುರಿಯ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ ಒಳಗಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ ಬಿಟ್ಟುಬಿಡುವರು. ಬಿಳಿಚಿದ್ದರೆ, "ಹೊಟ್ಟ್ಯಾಗೆ ಹುಳ ಐತೆ" ಎಂದು ಔಷಧಿ ಕುಡಿಸುವರು. ಮನುಷ್ಯರನ್ನೂ ಬಿಡುತ್ತಿರಲಿಲ್ಲ. ನಾನು ಮೊದಲ ಸಲ ಪಶು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಹೆಸರು ಕೇಳುವ ಮುಂಚೆ ನನ್ನ ರೆಪ್ಪೆ ಜಗ್ಗಿ, "ಏನವ್ವ, ನಿಮ್ಮನೇಲಿ ಸೊಪ್ಪು ತಿನ್ನಲ್ವ?" ಎಂದಿದ್ದರು.

ಹಳ್ಳಿಯವರಿಗೆ ಅವರು ಡಾಕ್ಟ್ರಮ್ಮ. "ಡಾಕ್ಟ್ರು ಹೊಳಲ್ಕೆರೇಲಿ ಅವ್ರೆ. ನಾನು ಬರೀ ಕಾಂಪೌಂಡ್ರು" ಎಂದು ಪ್ರತಿ ಸಲವೂ ತಿದ್ದುವರು. ಹಾಗಾಗಿ ನನಗೆ ಕಾಂಪೌಂಡರಮ್ಮ.

ಆಗ ನಾನು ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಗುಮಾಸ್ತೆ, ಪೊಲೀಸು, ಗ್ರಾಮಲೆಕ್ಕಿಗ, ಯಾವ ಪರೀಕ್ಷೆ ಬಂದರೂ ಬರೆಯುತ್ತಿದ್ದೆ. ನಿನಗೆ ಏನಾಗಲು ಇಷ್ಟವೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಚಿಕ್ಕಜಾಜೂರು ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಇನ್ನೊಂದು ಅರ್ಜಿ ತುಂಬುವಾಗ ಗೋಡೆಯ ಮೇಲೊಂದು ಚೀಟಿ ಕಂಡಿತು: ಕುರಿಗಳ ಕರುಳುಬೇನೆ ಲಸಿಕೆಗೆ ಸ್ವಯಂಸೇವಕರು ಬೇಕು, ಮಧ್ಯಾಹ್ನದ ಊಟ ಉಂಟು. ಸೇವೆ ಮಾಡಲು ಹೋದೆ ಎಂದರೆ ಸುಳ್ಳಾಗುತ್ತದೆ. ಮನೆಯಿಂದ ತಪ್ಪಿಸಿಕೊಳ್ಳಲು ಹೋದೆ.

ಐಸ್ ಪೆಟ್ಟಿಗೆ ಹೊರುವುದು, ಸೂಜಿ ಬಿದ್ದ ಕುರಿಯ ಬೆನ್ನಿಗೆ ನೀಲಿ ಬಣ್ಣದ ಗುರುತು ಹಚ್ಚುವುದು ನನ್ನ ಕೆಲಸ. ಮೂರನೆಯ ದಿನ ಒಂದು ರೊಪ್ಪದಲ್ಲಿ, ಕುರಿ ಕೂಡುವ ಮುಳ್ಳುಬೇಲಿಯೊಳಗೆ, ನೀಲಿ ಮುಗಿದುಹೋಯಿತು. ಮೂಲೆಯ ಡಬ್ಬಿಯಲ್ಲಿ ಕಲಸಿಟ್ಟ ಕೆಮ್ಮಣ್ಣು ಕಂಡಿತು. ಯಾರನ್ನೂ ಕೇಳದೆ ಜಾಣೆಯಂತೆ ಅದನ್ನೇ ಹಚ್ಚುತ್ತಾ ಹೋದೆ.

ಆ ರೊಪ್ಪ ಅಣ್ಣತಮ್ಮಂದಿರಿಬ್ಬರದು. ನಾವು ಸೂಜಿ ಹಾಕುತ್ತಿದ್ದದ್ದು ತಮ್ಮನ ಕುರಿಗಳಿಗೆ. ಕೆಮ್ಮಣ್ಣಿನ ಪಟ್ಟೆ ಅಣ್ಣನ ಮಂದೆಯ ಗುರುತು; ಅದರ ಸರದಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಆ ಮಂದೆ ಮೇವು ಮುಗಿಸಿ ನೀರಿಗೆಂದು ಒಳನುಗ್ಗಿ ಬೆರೆತುಹೋಯಿತು. ಹಸಿಮಣ್ಣು ಗುರುತಿಲ್ಲದವಕ್ಕೂ ಮೆತ್ತಿ, ಎಲ್ಲಿ ನೋಡಿದರೂ ಕೆಂಪು ಬೆನ್ನು. ಯಾವುದಕ್ಕೆ ಸೂಜಿಯಾಗಿದೆ, ಯಾವುದಕ್ಕಿಲ್ಲ?

"ಏ ತಾಯಿ, ನನ್ನ ಕುರಿನೆಲ್ಲ ಅಣ್ಣಂಗೆ ಬರ್ಕೊಟ್ಟ್ಯಲ್ಲ!" ಎಂದ ತಮ್ಮ.

"ಇರ್ಲಿ ಬಿಡ್ಲೇ, ಹುಡುಗಿ ನ್ಯಾಯವಾಗೇ ಹಂಚೈತೆ" ಎಂದು ಅಣ್ಣ ನಕ್ಕ.

ನನಗೆ ನಗು ಬರಲಿಲ್ಲ. ಎಲ್ಲಕ್ಕೂ ಮತ್ತೆ ಹಾಕುವಷ್ಟು ಔಷಧಿ ಪೆಟ್ಟಿಗೆಯಲ್ಲಿರಲಿಲ್ಲ. ಸೂಜಿ ತಪ್ಪಿದ ಕುರಿ ಮಳೆ ಬಿದ್ದು ಹೊಸ ಚಿಗುರು ಮೇಯುವ ಹೊತ್ತಿಗೆ ಉರುಳಿಬೀಳಬಹುದು. ಕಾಂಪೌಂಡರಮ್ಮ ಬೈಯುತ್ತಾರೆ, ಇಲ್ಲವೇ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಎರಡನ್ನೂ ಮಾಡಲಿಲ್ಲ.

"ಬಾಗಿಲಲ್ಲಿ ಅವರವ್ವ ಕುಂತೈತೆ. ಹೋಗಿ ಹೇಳು."

"ನೀವೇ ಹೇಳ್ರಮ್ಮ."

"ಮಣ್ಣು ಹಚ್ಚಿದ್ಯಾರು? ಕೈ ನೋಡ್ಕ."

ಹೋಗಿ ಹೇಳಿದೆ. ಅಜ್ಜಿ ಮೊಣಕಾಲು ಹಿಡಿದು ಎದ್ದು, ಮಂದೆಯ ನಡುವೆ ಹೊಕ್ಕು, ಒಂದೊಂದರ ಕಿವಿ ಹಿಡಿದು ಮುಖ ನೋಡತೊಡಗಿತು. "ಇದು ದೊಡ್ಡೋನ್ದು. ಇದಕ್ಕಾಗೈತೆ. ಇದಕ್ಕಿನ್ನೂ ಇಲ್ಲ. ಸೂಜಿ ಕಂಡು ತೊಟ್ಟಿ ಹಿಂದೆ ನಿಂತಿತ್ತು, ಕಳ್ಳಿ!" ಅಜ್ಜಿ ಹೇಳಿದಂತೆ ನಾನು ಹಿಡಿದೆ, ಕಾಂಪೌಂಡರಮ್ಮ ಸೂಜಿ ಹಾಕಿದರು. ಆ ಮಳೆಗಾಲ ಅಲ್ಲಿ ಒಂದೂ ಸಾಯಲಿಲ್ಲ. ನಾನು ನಂಬುವ ನೆನಪೆಂದರೆ ಆ ಅಜ್ಜಿಯದು, ನನ್ನದಲ್ಲ.

ವಾಪಸು ಬರುವಾಗ ಅವರು ಹೇಳಿದ್ದು ಇಷ್ಟೇ: "ಮೊದ್ಲು ಕೇಳ್ಬೇಕು ಕಣವ್ವ. ನಾಳೆ ಬರ್ತೀಯೋ, ಇಲ್ಲ ಪರೀಕ್ಷೆಗೆ ಓದ್ಕಂತೀಯೋ?"

"ಬರ್ತೀನಿ" ಎಂದೆ. ಅದುವರೆಗೆ ನಾನಾಗಿ ಏನನ್ನೂ ಆರಿಸಿಕೊಂಡವಳಲ್ಲ.

ಆಮೇಲೆ ಎರಡು ವರ್ಷ ಅವರ ಹಿಂದೆ ತಿರುಗಿದೆ. ಓದಿನ ಪರೀಕ್ಷೆಯಿಲ್ಲದೆ, ಮಾಡುವ ಕೆಲಸವನ್ನೇ ನೋಡಿ ಕೊಡುವ ಸರ್ಟಿಫಿಕೇಟ್ ಒಂದಿದೆ ಎಂದು ಪತ್ತೆ ಹಚ್ಚಿ ಅರ್ಜಿ ಹಾಕಿಸಿದವರೂ ಅವರೇ. ಅದಕ್ಕೊಂದು ಪುಸ್ತಕ, ಕಲಿತ ಪ್ರತಿ ಕೆಲಸಕ್ಕೂ ಅವರ ಸಹಿ ಬೇಕು. ಮೂರು ಸಲ ತಪ್ಪಿಲ್ಲದೆ ಮಾಡಿ ತೋರಿಸುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಗೊರಸು ಕತ್ತರಿಸುವುದಕ್ಕೆ ಐದು ತಿಂಗಳು ಕಾಯಿಸಿದರು.

ಚಿತ್ರದುರ್ಗದಿಂದ ಬಂದ ಪರೀಕ್ಷಕರು ಒಂದು ರೊಪ್ಪದಲ್ಲಿ ನಿಂತು, ಸೂಜಿ ಹಾಕಿದ ಕುರಿಗೆ ಗುರುತು ಹೇಗೆ ಮಾಡುತ್ತೀರಿ ಎಂದರು. "ಮೊದಲು ಮನೆಯವರನ್ನು ಅವರ ಬಣ್ಣ ಯಾವುದೆಂದು ಕೇಳುತ್ತೇನೆ" ಎಂದೆ. ಎಲ್ಲರಿಗೂ ಹೀಗೇ ಹೇಳುತ್ತೇನೆ; ಕಥೆ ತೀರಾ ಚೆನ್ನಾಗಿ ಕೂರುತ್ತದೆ, ಅದಕ್ಕೇ ಅನುಮಾನ. ಅವರು ಐಸ್ ಪೆಟ್ಟಿಗೆಯ ಬಗ್ಗೆ ಕೇಳಿದ್ದರೋ ಏನೋ. ನನ್ನ ಕಣ್ಣು ಉತ್ತರಕ್ಕಾಗಿ ತಮ್ಮ ಮುಖ ಹುಡುಕದಿರಲೆಂದು ಕಾಂಪೌಂಡರಮ್ಮ ಬೇಲಿಯ ಕಡೆ ತಿರುಗಿ ನಿಂತಿದ್ದರು. ಅವರ ಆ ಬೆನ್ನು ಮಾತ್ರ ನಾನು ಕಟ್ಟಿದ ಕಥೆಯಲ್ಲ.

ಈಗ ಏಳು ಹಳ್ಳಿಗಳ ಕುರಿ ನನ್ನ ಪಾಲಿಗಿವೆ. ಹೋದ ವರ್ಷ ಒಂದು ರೊಪ್ಪದಿಂದಲೇ ನೇರವಾಗಿ ಅವರನ್ನು ನೋಡಲು ಚಿತ್ರದುರ್ಗದ ಆಸ್ಪತ್ರೆಗೆ ಹೋದೆ. ಮೈಯಲ್ಲಿ ರಕ್ತವೇ ಹುಟ್ಟದ ಕಾಯಿಲೆ. ನನ್ನನ್ನು ಕಂಡು, "ಕುರಿ ವಾಸ್ನೆ ಬಂತು, ನೀನೇ ಅಂದ್ಕಂಡೆ" ಎಂದರು. ಆಮೇಲೆ ಮುಖ ಎತ್ತಿ ಕೊಟ್ಟರು. "ನೋಡು."

ಹೆಬ್ಬೆರಳಿನಿಂದ ಕೆಳರೆಪ್ಪೆ ಜಗ್ಗಿದೆ.

"ಹೇಳು."

"ಕೆಂಪಗೈತಮ್ಮ."

"ಸುಳ್ಳು ಹೇಳೋರಿಗೆ ನಾನು ಸಹಿ ಹಾಕಲ್ಲ."

ಮತ್ತೊಮ್ಮೆ ಜಗ್ಗಿ ನೋಡಿದೆ. "ಬಿಳಿಚೈತೆ" ಎಂದೆ.

"ಈಗ ಸರಿ" ಎಂದು ಕಣ್ಣು ಮುಚ್ಚಿಕೊಂಡರು. ಆ ವಾರವೇ ಹೋದರು. ನೋಡಿದ್ದು ಎಡಗಣ್ಣೋ ಬಲಗಣ್ಣೋ ಮರೆತಿದೆ. ಬಣ್ಣ ಮರೆತಿಲ್ಲ.