ಆಯಿ ಮುಟ್ಟಿ ನೋಡಿದ ಠೇಸನ್ನು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಕಿತ್ತೂರಿನ ನಮಗೆ ರೈಲೆಂದರೆ ಅಳ್ನಾವರ. ಕಣ್ಣಿನ ಆಪರೇಷನ್ನಿಗೆ ಮಿರಜಿಗೆ ಹೋಗುವವರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಗಾಡಿ ಹಿಡಿಯುತ್ತಿದ್ದರು.

ನಮ್ಮ ಆಯಿ, ಅಪ್ಪನ ತಾಯಿ, ಹಾಗೆ ಹೊರಟಾಗ ನಾನಿನ್ನೂ ಸಣ್ಣ ಹುಡುಗಿ. ನಾಟಿ ಔಷಧಿ ಹಾಕಿಸಿಕೊಂಡು ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದದ್ದಕ್ಕೂ ಪೊರೆ ಬಂದು, ನನ್ನನ್ನು ದನಿಯಿಂದಷ್ಟೇ ಗುರುತಿಸುತ್ತಿದ್ದಳು.

ಕಳಿಸಲು ಅಪ್ಪ, ನಾನು ಬಂದಿದ್ದೆವು; ಅವಳ ಜೊತೆ ಹೊರಟವನು ಕಾಕಾ, ಅಪ್ಪನ ತಮ್ಮ. ಗಾಡಿ ತಡವಾಗಿತ್ತು. ಆಯಿ ನನ್ನ ಕೈ ಹಿಡಿದು ನಿಲ್ದಾಣವನ್ನೆಲ್ಲ ಮುಟ್ಟಿ ನೋಡಿದಳು: ಒರಟು ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಹೆಂಚಿನ ಮಾಡು ಹೊತ್ತ ಸಾಗವಾನಿ ಕಂಬ. ದಾಂಡೇಲಿ ಕಾಡಿನಿಂದ ಬಂದ ದಿಮ್ಮಿಗಳ ಹಸಿ ವಾಸನೆಗೆ ಕಲ್ಲಿದ್ದಲ ಹೊಗೆ ಬೆರೆತಿತ್ತು.

“ಈ ಕಲ್ಲು ನಮ್ಮ ಮುತ್ಯಾ ಬಂಡಿ ಹೂಡಿ ಹೇರ್ಯಾನಂತ. ಸಾಹೇಬ ಕುದರಿ ಮ್ಯಾಲೆ ಬಂದು ಒಂದೊಂದ ಬಡದು ನೋಡತಿದ್ದನಂತ,” ಎಂದಳು. “ಬಣ್ಣ ಯಾವುದವ್ವಾ?”

“ಕಂದು, ಆಯಿ. ಹೊಗಿ ಹತ್ತಿ ಅಲ್ಲಲ್ಲೆ ಕರ್ರಗಾಗೇತಿ.”

“ಬರೂ ಮುಂದ ನಾನ ನೋಡತೇನಿ ತಗೋ.”

ಅಪ್ಪ ಮುಖ ಆಚೆ ತಿರುಗಿಸಿದ. ಕಾಕಾ ಅವಳನ್ನು ಗಾಡಿ ಹತ್ತಿಸಿಕೊಂಡು ಹೋದ.

ಆಮೇಲೆ ಮಿರಜಿನಿಂದ ಬಂದವರೊಬ್ಬರು ಆಯಿ, ಕಾಕಾ ಮರಳುವ ದಿನ ಹೇಳಿದರೇ ಹೊರತು ಕಣ್ಣಿನ ಸುದ್ದಿ ಅವರಿಗೂ ಗೊತ್ತಿರಲಿಲ್ಲ. ಆ ದಿನ ಅಪ್ಪನೊಂದಿಗೆ ನಾನೂ ಠೇಸನ್ನಿಗೆ ಹೋದೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಗಾಡಿ ಬಂತು. ಅಪ್ಪ ನನ್ನ ಭುಜ ಹಿಡಿದು ಪಿಸುಗುಟ್ಟಿದ: “ಕೂಗಬ್ಯಾಡ. ನೋಡೂಣು, ಕಾಣಸ್ತೈತೇನ.”

ಎಂಜಿನ್ನು ನೀರು ಕುಡಿಯುತ್ತ ನಿಂತಿತ್ತು. ಕಾಕಾ ಆಯಿಯನ್ನು ಮೆಲ್ಲಗೆ ಇಳಿಸಿದ. ಕಣ್ಣಿಗೆ ದಪ್ಪ ಗಾಜಿನ ಚಾಳೀಸು. ಅವಳು ನಿಂತು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ನನ್ನನ್ನು ದಾಟಿ ಹೋದ ನೋಟ ಮತ್ತೆ ತಿರುಗಿ ಬಂತು.

“ಯವ್ವಾ, ಎಷ್ಟ ಸೊರಗೀದಿಯಲ್ಲೇ! ನಿಮ್ಮವ್ವ ಕೂಳ ಹಾಕಿಲ್ಲೇನ?”

ಅಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಂಡ. ನಾನು ಓಡಿ ಹೋಗಿ ಅವಳ ಸೀರೆಗೆ ಜೋತುಬಿದ್ದೆ.

“ಆಯಿ, ಠೇಸನ್ ನೋಡಬೇ!”

“ಅದೆಲ್ಲಿ ಹೋಗತೇತಿ? ಮೊದಲ ಬುತ್ತಿ ಬಿಚ್ಚ.”

ಅಂಥ ಸವಿಯಾದ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಆ ಕಣ್ಣಿನಿಂದಲೇ ಆಯಿ ನನ್ನ ಮದುವೆಯ ಅಕ್ಕಿ ಆರಿಸಿದಳು. ಈಗ ಅವಳಿಲ್ಲ. ಠೇಸನ್ನಿನಲ್ಲಿ ದಿಮ್ಮಿಗಳ ರಾಶಿಯಿಲ್ಲ, ಹಳಿಗಳೂ ಬ್ರಾಡ್‌ಗೇಜ್ ಆಗಿ ಅಗಲವಾಗಿವೆ. ಮೊನ್ನೆ ಅಲ್ಲಿ ಇಳಿದಾಗ ನನ್ನ ಚೀಲ ಕೆಳಗಿಡುವುದರೊಳಗೆ ಗಾಡಿ ಹೊರಟೇಬಿಟ್ಟಿತು. ಮುದುಕಿಯೊಬ್ಬಳು ಇಳಿದು, ನಿಂತು, ಎದುರಿಗಿದ್ದವರ ಮುಖವನ್ನು ಒಂದೊಂದಾಗಿ ನೋಡುವಷ್ಟು ಪುರಸೊತ್ತು ಈಗ ಯಾವ ಗಾಡಿಗೂ ಇಲ್ಲ.